ಗೇರ್ ಪೆಟ್ಟಿಗೆಯೊಳಗಿನ ಅರಗು

ಮೊನ್ನೆ ಚನ್ನಪಟ್ಟಣದ ಅಂಚೆ ಕಚೇರಿಯಲ್ಲಿ ಗುಮಾಸ್ತರು ನನ್ನ ಪಾರ್ಸೆಲಿನ ಗಂಟಿನ ಮೇಲೆ ಕೆಂಪು ಅರಗು ಕರಗಿಸಿ ಮೊಹರು ಒತ್ತುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಬಲಗೈ ತಾನಾಗಿ ಮುಂದೆ ಚಾಚಿ, ಅಲ್ಲಿಲ್ಲದ ಒಂದು ಹಿಡಿಕೆಯನ್ನು ಹಿಂದಕ್ಕೆ ಎಳೆಯಿತು. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. ನಾನು ಕೈಯನ್ನು ಜೇಬಿಗೆ ಸೇರಿಸಿಕೊಂಡೆ. ಬೊಂಬೆ ಮಾಡುವ ಊರಿನವನಿಗೆ ಬಿಸಿ ಅರಗಿನ ವಾಸನೆ ಕಂಡರೆ ಭಯವೇ ಎಂದು ನೀವು ಕೇಳಬಹುದು. ಹೌದು, ಭಯವೇ. ಏಳು ವರ್ಷದ ಹಿಂದೆ ಹಿಡಿದದ್ದು.

ದಿನಚರಿ ಬರೆಯುವುದು ನನ್ನ ಹಳೆಯ ಚಟ. ಮಳೆ ಬಂದ ದಿನ, ಬಸ್ಸು ಕೆಟ್ಟು ನಿಂತ ಸಲ, ನಾನು ತಿಂದ ಮುದ್ದೆ, ಎಲ್ಲಕ್ಕೂ ಒಂದೊಂದು ಅಂಕಣ. ಅವ್ವ ಇದನ್ನು ಚಿತ್ರಗುಪ್ತನ ಕೆಲಸ ಎನ್ನುತ್ತಿದ್ದಳು. ಬರೆದಿಟ್ಟದ್ದು ಕೈ ತಪ್ಪುವುದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು.

ಕನಕಪುರದಾಚೆ, ಅರ್ಕಾವತಿ ಕಾವೇರಿಗೆ ಸೇರುವ ಸಂಗಮದಲ್ಲಿ, ನಮ್ಮ ಚಿಕ್ಕಪ್ಪ ಒಂದು ಸಣ್ಣ ಮೋಟಾರು ದೋಣಿ ಓಡಿಸುತ್ತಿದ್ದ. ಈಚೆ ದಡ ಮೈಸೂರು ಸೀಮೆ, ಆಚೆ ದಡ ಮದರಾಸು ಸರ್ಕಾರದ್ದು. ಅಕ್ಕನನ್ನು ಆಚೆಗೆ ಕೊಟ್ಟಿತ್ತು. ಆ ಮುಂಗಾರಿನಲ್ಲಿ ಅವಳಿಗೆ ಒಂಬತ್ತು ತಿಂಗಳು. ಹೊಳೆ ಏರುವ ಮುಂಚೆ ಹೆರಿಗೆಗೆ ಕರೆತರಬೇಕಿತ್ತು. ಗಾಡಿಯಲ್ಲಿ ಸುತ್ತು ಹಾಕಿದರೆ ಎರಡು ಹಗಲಿನ ಕುಲುಕಾಟ. ಹರಿಗೋಲೆಂದರೆ ಅವ್ವ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಉಳಿದದ್ದು ಚಿಕ್ಕಪ್ಪನ ದೋಣಿ. ಆದರೆ ಅದರ ಎಂಜಿನ್ ಬೇಸಗೆಯಲ್ಲೇ ಸತ್ತಿತ್ತು. ಗುಜರಿಯಲ್ಲಿದ್ದ ಒಂದು ಮೋಟಾರು ಕಾರಿನ ಎಂಜಿನ್ ತಂದು ಕೂರಿಸಿದರೆ ಆಗುತ್ತದೆ ಎಂದು ತಲೆಗೆ ಹುಳ ಬಿಟ್ಟವನು ನಾನೇ.

ಎಂಜಿನ್ ಬದಲಾಯಿತು, ಗೇರ್ ಪೆಟ್ಟಿಗೆ ಹಳೆಯದೇ ಉಳಿಯಿತು. ಅದರೊಳಗೆ ಒಂದು ಕಬ್ಬಿಣದ ಬಟ್ಟಲು, ಅದರೊಳಕ್ಕೆ ಬಿಗಿಯಾಗಿ ಕೂರುವ, ಬುಗುರಿಯ ಆಕಾರದ ಮರದ ತುಂಡು. ಹಿಡಿಕೆಯನ್ನು ಮುಂದೂಡಿದರೆ ಮರ ಬಟ್ಟಲನ್ನು ಕಚ್ಚುತ್ತದೆ, ನೀರಿನೊಳಗಿನ ರೆಕ್ಕೆ ತಿರುಗುತ್ತದೆ. ಮರ ಸವೆದಿತ್ತು. ಹೊಸದನ್ನು ನಮ್ಮ ಬೀದಿಯ ಇಮಾಮ್ ಸಾಬರ ಕೈಲಿ ಕಡೆಸಿದೆ. ಮೂವತ್ತು ವರ್ಷ ಬೊಂಬೆ, ಗಿಲಕಿ, ತೊಟ್ಟಿಲ ಗುಂಡು ಕಡೆದವರು. ನಾನು ಉದ್ದ, ಅಗಲ, ಇಳಿಜಾರು ಎಲ್ಲವನ್ನೂ ನೂಲಿನಷ್ಟೂ ತಪ್ಪದಂತೆ ಚೀಟಿಯಲ್ಲಿ ಬರೆದುಕೊಟ್ಟೆ. ತಮ್ಮ ಮರ ದೋಣಿ ಎಳೆಯುವುದನ್ನು ನೋಡಬೇಕೆಂದು ಸಾಬರು ಸಂಗಮಕ್ಕೂ ಬಂದರು. ನಾನು ಸೀಮೆಎಣ್ಣೆ ತರಲು ಹೋಗಿ ಬರುವಷ್ಟರಲ್ಲಿ ತಾವೇ ಕೂರಿಸಿ ಪೆಟ್ಟಿಗೆ ಮುಚ್ಚಿಬಿಟ್ಟಿದ್ದರು.

ಮೊದಲ ಪ್ರಯೋಗದಲ್ಲಿ ದೋಣಿ ಬಾಣದಂತೆ ಹೊರಟಿತು. ಒಸಿ ಹೊತ್ತಿಗೆ ಎಂಜಿನ್ ಅಬ್ಬರಿಸಿತು, ದೋಣಿ ಮಾತ್ರ ನಿಂತಿತು. ರೆಕ್ಕೆ ತಿರುಗುತ್ತಿಲ್ಲ. ಆರಲು ಬಿಟ್ಟರೆ ಮತ್ತೆ ಸರಿ. ಎರಡನೆಯ ಸಲ ಹಿಡಿಕೆಯ ಸರಳು ಗಿಡ್ಡವಾಗಿದೆಯೆಂದು ಉದ್ದ ಮಾಡಿದೆವು. ಮೂರನೆಯ ಸಲ ಎಣ್ಣೆ ಸೋರಿ ಮರಕ್ಕೆ ತಗುಲಿರಬಹುದೆಂದು ಸಂದಿಯಲ್ಲಿ ಬಟ್ಟೆ ತೂರಿಸಿ ಒರೆಸಿದೆವು. ನಾಲ್ಕು, ಐದರಲ್ಲಿ ಎಂಜಿನ್ನೂ ಪೆಟ್ಟಿಗೆಯೂ ಒಂದೇ ನೇರಕ್ಕಿಲ್ಲವೆಂದು ಎಂಜಿನ್ನಿನ ಕಾಲಡಿ ತಗಡಿನ ಚೂರು ಇಟ್ಟೆವು. ಐದೂ ಸಲ ಮರ ಬಟ್ಟಲೊಳಗೆ ಜಾರಿತು. ಎಲ್ಲವನ್ನೂ ಬರೆದೆ. ಹೊಳೆ ದಿನಕ್ಕಿಷ್ಟು ಏರುತ್ತಿದ್ದುದನ್ನೂ ಬರೆದೆ.

ಆರನೆಯ ಸಲ ನಡುಹೊಳೆಯಲ್ಲಿ ಜಾರಿತು. ಅಲ್ಲಿಂದ ಒಂದು ಹರಿದಾರಿ ಕೆಳಗೆ ಮೇಕೆದಾಟುವಿನ ಬಂಡೆಗಳ ಸಂದಿಗೆ ಇಡೀ ಕಾವೇರಿ ನುಗ್ಗುತ್ತದೆ. ಹೊಳೆ ದೋಣಿಯನ್ನು ಅಡ್ಡಡ್ಡ ತಿರುಗಿಸಿ ಅತ್ತ ಎಳೆಯತೊಡಗಿತು. ನಾನು ಹಿಡಿಕೆಯನ್ನು ಹಿಂದೆ ಮುಂದೆ ಎಳೆದಾಡಿದೆ. ಚಿಕ್ಕಪ್ಪ ಬಿದಿರಿನ ಕೋಲು ಊರಿ ಊರಿ, ಕೊನೆಗೆ ಒಂದು ಮತ್ತಿ ಮರದ ಬೇರು ಹಿಡಿದ.

ಆ ಬೇರಿನಡಿ ಏದುಸಿರು ಬಿಡುತ್ತ ಕೂತಾಗ ನನಗೆ ವಾಸನೆ ಬಂತು. ನಮ್ಮ ಬೀದಿಯ ವಾಸನೆ, ಬಿಸಿ ಅರಗು. ಐದು ಪ್ರಯೋಗದಲ್ಲೂ ಅದು ಇತ್ತು. ಪಕ್ಕದಲ್ಲೇ ಕೂರುತ್ತಿದ್ದ ಸಾಬರ ಅಂಗಿಯದೆಂದುಕೊಂಡಿದ್ದೆ. ಆ ಅಂಗಿ ಜಗತ್ತಿನಲ್ಲಿ ಎಲ್ಲಿಗೆ ಹೋದರೂ ಹಾಗೆಯೇ ನಾರುತ್ತಿತ್ತು. ಆದರೆ ಆ ಮಧ್ಯಾಹ್ನ ಸಾಬರು ನಮಾಜಿಗೆಂದು ದಡದಲ್ಲೇ ಉಳಿದಿದ್ದರು.

ದೋಣಿಯನ್ನು ದಡದುದ್ದ ಎಳೆದು ತಂದು ಪೆಟ್ಟಿಗೆ ಬಿಚ್ಚಿದೆವು. ಒಳಗೆ ಮರ ಮದುವಣಗಿತ್ತಿಯ ಕುಂಕುಮದಂತೆ ಕೆಂಪಗೆ, ಮಿದುವಾಗಿ, ಬಟ್ಟಲಿಗೆ ಅಂಟಂಟಾಗಿ ಹೊಳೆಯುತ್ತಿತ್ತು.

"ಇದೇನ್ ಸಾಬ್ರೇ, ಬೊಂಬೆ ಮದ್ವೆಗೆ ಕಳಿಸ್ದಂಗೆ ಕಳಿಸಿದ್ದೀರಿ?" ಎಂದ ಚಿಕ್ಕಪ್ಪ.

"ಮರ ಬರಿಮೈಲಿ ಆಚೆ ಹೋಗ್ಬಾರ್ದು ಅಂತ ನಮ್ ಅಬ್ಬಾ ಹೇಳೋರು. ಅರಗು ಹಚ್ದೆ. ದೋಣೀದಲ್ವಾ ಅಂತ ಮೂರು ಸಲ ಹಚ್ದೆ." ಸಾಬರ ದನಿ ತಗ್ಗಿತು. ಆಮೇಲೆ ನನ್ನತ್ತ ತಿರುಗಿದರು. "ಬ್ಯಾಡ ಅಂತ ಚೀಟೀಲಿ ಬರ್ದಿದ್ದೇನಪ್ಪ?"

ಬರೆದಿರಲಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಕರಗಿಸಿ ಬಣ್ಣ ಹಚ್ಚುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಉಜ್ಜಿದರೆ ಅರಗು ಮತ್ತೆ ಕರಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ನೂಲಿನಷ್ಟು ಅಳತೆಗೆ ಜಾಗವಿದ್ದ ಚೀಟಿಯಲ್ಲಿ ಆ ಒಂದು ಮಾತಿಗೆ ಜಾಗವಿರಲಿಲ್ಲ.

ಸಾಬರು ಸಂಜೆಯವರೆಗೆ ಕೂತು ಕೆರೆದು, ಮರಳಿನಲ್ಲಿ ಉಜ್ಜಿ, ಮರವನ್ನು ಬರಿಮೈ ಮಾಡಿದರು. ಮರುದಿನ ಬೆಳಿಗ್ಗೆ ಎರಡು ಪ್ರಯೋಗ ಮಾಡಿದೆವು. ಎರಡರಲ್ಲೂ ಜಾರಲಿಲ್ಲ. ಹತ್ತು ಸಲ ಸರಿಯಾಗದೆ ಅಕ್ಕನನ್ನು ಹತ್ತಿಸಬಾರದೆಂದು ನಾನೇ ದಿನಚರಿಯಲ್ಲಿ ನಿಯಮ ಬರೆದಿದ್ದೆ. ಆದರೆ ನೀರು ಅಷ್ಟರಲ್ಲೇ ಕೆಂಪಾಗಿ ನೊರೆ ತರುತ್ತಿತ್ತು. ಇನ್ನೆಂಟು ಸಲಕ್ಕೆ ಹೊಳೆ ಕಾಯುವಂತಿರಲಿಲ್ಲ. ಆಚೆ ದಡದಲ್ಲಿ ಭಾವ ಟವೆಲ್ಲು ಬೀಸುತ್ತಿದ್ದ. ಸಾಬರು ಯಾರನ್ನೂ ಕೇಳದೆ ದೋಣಿ ಹತ್ತಿ ಪೆಟ್ಟಿಗೆಯ ಪಕ್ಕ ಕೂತರು. ಭಾರವಾಗುತ್ತದೆ ಎಂದು ಚಿಕ್ಕಪ್ಪ ಗೊಣಗಿದರೆ, "ತಪ್ಪು ನಂದು, ನಾನ್ ದಡದಲ್ಲಿ ಕೂರಲ್ಲ" ಎಂದರು.

ಭಾವ ಆಚೆ ದಡದಲ್ಲೇ ಉಳಿದ. ಅಕ್ಕನನ್ನು ಹತ್ತಿಸಿಕೊಂಡು ಬರುವಾಗ ನಡುಹೊಳೆಯಲ್ಲಿ ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು: "ಸರಿಯಾಗೈತೇನೋ ಇದು?"

"ಐತೆ ಕಣಕ್ಕ."

"ಎಷ್ಟು ಸಲ ನೋಡ್ದೆ? ನೀನು ಲೆಕ್ಕ ಇಟ್ಟಿರ್ತೀಯ."

"ಹತ್ತು" ಎಂದೆ. ಲೆಕ್ಕದಲ್ಲಿ ನಾನು ಸುಳ್ಳು ಹೇಳಿದ್ದು ಅದೇ ಮೊದಲು. ದಡ ಮುಟ್ಟುವವರೆಗೂ ನಾಯಿಯಂತೆ ಮೂಸುತ್ತಿದ್ದೆ. ಹೊಳೆ, ಸೀಮೆಎಣ್ಣೆ, ಅಕ್ಕನ ಮುಡಿಯ ಮಲ್ಲಿಗೆ. ಬೇರೇನೂ ಬರಲಿಲ್ಲ.

ಆ ಮರ ಮತ್ತೂ ಕೆಲವು ಕಾಲ ದುಡಿದು ಸವೆದು, ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿತ್ತು. ಹೋದ ವಾರ ಸಾಬರು ಅದನ್ನು ನೋಡಿ ಎತ್ತಿಕೊಂಡು ಹೋದರು; ಬುಗುರಿ ಮಾಡಿ, ಕೆಂಪು ಅರಗು ಮೂರು ಸಲ ಹಚ್ಚಿ ತಂದರು. ಈಗ ಯಾರೂ ಬೇಡ ಅನ್ನುವಂತಿಲ್ಲ ಎಂದು ನಕ್ಕರು. ಪಾರ್ಸೆಲಿನಲ್ಲಿ ಇದ್ದದ್ದು ಅದೇ, ಅಂದು ಅಕ್ಕನ ಹೊಟ್ಟೆಯಲ್ಲಿದ್ದು ಹೊಳೆ ದಾಟಿದ ಮಗಳಿಗೆ.

ಅಂಚೆ ಕಚೇರಿಯಿಂದ ಮನೆಗೆ ಬಂದು ಹಳೆಯ ದಿನಚರಿ ತೆಗೆದೆ. ಆ ದಿನದ ಸಾಲು ಹೀಗಿತ್ತು: "ಅರಗು ಕೆರೆದ ಮೇಲೆ ಪ್ರಯೋಗ ಎರಡು. ಬರುವಾಗ ದೋಣಿಯಲ್ಲಿ ಜನ ನಾಲ್ಕು. ಜಾರಲಿಲ್ಲ." ಹಳೆಯ ಪುಟವನ್ನು ನಾನು ಎಂದೂ ತಿದ್ದಿದವನಲ್ಲ. ಲೇಖನಿ ಅದ್ದಿ, ನಾಲ್ಕನ್ನು ಹೊಡೆದು, ಐದು ಎಂದು ಬರೆದೆ.