ಮೇಡಂ ಬೆನ್ನ ಹಿಂದಿನ ಬೆಲ್ಟಣ್ಣ

ಬೆಳಗಿನ ಐದೂವರೆ ಗಂಟೆ. ಪುಟ್ಟ ವಿಮಾನ ನಿಲ್ದಾಣದ ತಗಡಿನ ಶೆಡ್ಡಿನ ಬಾಗಿಲಲ್ಲಿ ತೂಕದ ಯಂತ್ರವೊಂದನ್ನು ಇಟ್ಟುಕೊಂಡು ಬೆಲ್ಟಣ್ಣ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಈ ಹೊತ್ತಿನಲ್ಲಿ ಅವರ ಮುಂದೆ ಯಾರೂ ದೊಡ್ಡವರಲ್ಲ. ಪೈಲಟ್ ಬಂದರೆ ಪೈಲಟ್ ಹತ್ತಬೇಕು, ಕ್ಯಾಮೆರಾ ಚೀಲ ಬಂದರೆ ಚೀಲವೂ ಹತ್ತಬೇಕು. ನಾನೂ ಹತ್ತುತ್ತೇನೆ. ಮುಳ್ಳು ಎಂಬತ್ತೊಂದರ ಮೇಲೆ ನಿಲ್ಲುತ್ತದೆ. ಅವರು ಮುಳ್ಳನ್ನೊಮ್ಮೆ, ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ಫೋನಲ್ಲಿ ಎಪ್ಪತ್ತೆರಡು ಅಂದಿದ್ರಿ" ಎನ್ನುತ್ತಾರೆ. ಬೂಟಿನ ಭಾರ ಇರಬೇಕು ಎಂದು ನಾನು ಗೊಣಗುತ್ತೇನೆ. ಅವರು ಬೂಟು ಬಿಚ್ಚಿಸುತ್ತಾರೆ. ಎಂಬತ್ತು.

ಆಮೇಲೆ ಜೇಬುಗಳ ಸರದಿ. ಬೀಗದ ಕೈ, ಚಿಲ್ಲರೆ, ಕರವಸ್ತ್ರ, ಎಲ್ಲವೂ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತವೆ. ಕನ್ನಡಕಕ್ಕೆ ದಾರ ಕಟ್ಟುತ್ತಾರೆ. ಕೊನೆಗೆ ನನ್ನ ಪೆನ್ನಿಗೂ ಕೈ ಹಾಕುತ್ತಾರೆ. ವರದಿಗಾರನ ಪೆನ್ ಕಿತ್ತುಕೊಂಡರೆ ಇನ್ನೇನು ಉಳಿಯಿತು ಎಂದು ವಾದಿಸಿ ನೋಡುತ್ತೇನೆ. "ಬಾಗಿಲಿಲ್ಲದ ವಿಮಾನ ಸಾರ್ ಇದು. ಅಷ್ಟು ಎತ್ತರದಿಂದ ಬಿದ್ರೆ ಕೆಳಗಿರೋನ ತಲೆಗೆ ಅದು ಪೆನ್ ಅಲ್ಲ" ಎಂದು ಅದನ್ನೂ ಡಬ್ಬಿಗೆ ಸೇರಿಸುತ್ತಾರೆ. ಆದ್ದರಿಂದ ಮುಂದಿನದೆಲ್ಲ ನಾನು ನೆನಪಿನಿಂದ ಬರೆದದ್ದು. ತಪ್ಪಿದ್ದರೆ ಡಬ್ಬಿಯನ್ನು ಕೇಳಿ.

ಬೆಲ್ಟಣ್ಣನಿಗೆ ಐವತ್ತೆಂಟು ವರ್ಷ, ಅರವತ್ತೆರಡು ಕೆ.ಜಿ. ಅವರ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಮೇಡಂ ಬೀಳದಂತೆ ಹಿಡಿದುಕೊಳ್ಳುವುದು. ಮೇಡಂ ಅಂದರೆ ಆಕಾಶದಿಂದ ಫೋಟೋ ತೆಗೆಯುವ ನಲವತ್ತಾರರ ಛಾಯಾಗ್ರಾಹಕಿ. ಸದ್ಯಕ್ಕೆ ನದಿಗೆ ಕಟ್ಟುತ್ತಿರುವ ಹೊಸ ಸೇತುವೆ ಎಷ್ಟು ಮೇಲೆದ್ದಿದೆ ಎಂದು ಪ್ರತಿ ಗುರುವಾರ ಮೇಲಿನಿಂದ ಫೋಟೋ ತೆಗೆದು ಕೊಡಬೇಕು. ನಿಲ್ದಾಣ ಹತ್ತಿರವಿರುವುದರಿಂದ ಅಲ್ಲಿ ಡ್ರೋನ್ ಹಾರಿಸುವಂತಿಲ್ಲ. ಹಾಗಾಗಿ ನಾಲ್ಕು ಸೀಟಿನ ವಿಮಾನದ ಹಿಂಬದಿಯ ಬಾಗಿಲನ್ನೇ ಕಳಚಿಟ್ಟು, ಮೇಡಂ ಕಾಲು ಹೊರಗೆ ಇಳಿಬಿಟ್ಟು ಕೂರುತ್ತಾರೆ. ಸೊಂಟದ ಬೆಲ್ಟಿನಿಂದ ಒಂದು ಪಟ್ಟಿ ವಿಮಾನದ ನೆಲದ ಕೊಕ್ಕೆಗೆ ಹೋಗುತ್ತದೆ. ಅದು ಬಿದ್ದವರನ್ನು ತಡೆಯುತ್ತದೆಯೇ ಹೊರತು ಬೀಳದಂತೆ ನೋಡಿಕೊಳ್ಳುವುದಿಲ್ಲ. ನೋಡಿಕೊಳ್ಳುವುದು ಬೆನ್ನ ಹಿಂದೆ ಮೊಣಕಾಲೂರಿ, ಎರಡೂ ಕೈಯಲ್ಲಿ ಬೆಲ್ಟ್ ಹಿಡಿದು ಕೂತ ಬೆಲ್ಟಣ್ಣ. ಮೇಡಂ ಹಿಮ್ಮಡಿಯಿಂದ ವಿಮಾನದ ಪಕ್ಕೆಗೆ ಒಮ್ಮೆ ಕುಟ್ಟಿದರೆ ಇನ್ನಷ್ಟು ಹೊರಗೆ ಬಗ್ಗಲು ಬಿಡು ಎಂದರ್ಥ, ಎರಡು ಸಲ ಕುಟ್ಟಿದರೆ ಒಳಗೆಳೆದುಕೋ ಎಂದರ್ಥ.

ಈ ಲೇಖನ ಬರೆಯಲು ಹೇಳಿದವರೂ ಮೇಡಮ್ಮೇ. ಅವರ ಫೋಟೋಗಳು ಹೆಸರಿನ ಸಮೇತ ಮುಖಪುಟದಲ್ಲಿ ಬರುತ್ತವೆ. ತಮ್ಮ ಬಗ್ಗೆ ಸಾಕಷ್ಟು ಜನ ಬರೆದಾಗಿದೆ, ಹಿಂದೆ ಇರುವವರ ಬಗ್ಗೆ ಒಬ್ಬರೂ ಬರೆದಿಲ್ಲ ಎಂದು ಅವರಿಗೆ ಬೇಸರ. "ನಾನು ಅಷ್ಟು ಧೈರ್ಯವಾಗಿ ಬಗ್ತೀನಿ ಅಂದ್ರೆ ಬೆಲ್ಟಣ್ಣ ಇದ್ದಾರೆ ಅಂತ. ಭಯ ಅಂದ್ರೇನು ಅಂತ ಅವರಿಗೆ ಗೊತ್ತೇ ಇಲ್ಲ. ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನನ್ನ ಕಾಯ್ತಾರೆ" ಎಂದು ಹೇಳಿದ್ದರು. ನಾನು ಅದನ್ನು ಶ್ರದ್ಧೆಯಿಂದ ಬರೆದುಕೊಂಡಿದ್ದೆ. ಆಗಿನ್ನೂ ಪೆನ್ ನನ್ನ ಹತ್ತಿರವೇ ಇತ್ತು.

ವಿಮಾನ ನೆಲ ಬಿಡುತ್ತದೆ. ನಾನು ಪೈಲಟ್ ಪಕ್ಕದ ಸೀಟಿನಲ್ಲಿ ಕೂತಿದ್ದೇನೆ. ಗಾಳಿ ಒಳಗೆ ನುಗ್ಗಿ ಕೆನ್ನೆಯನ್ನು ಕಿವಿಯ ಕಡೆಗೆ ಎಳೆಯುತ್ತದೆ. ಸೇತುವೆಯ ಮೇಲೆ ಬಂದಾಗ ಪೈಲಟ್ ವಿಮಾನವನ್ನು ಓರೆ ಮಾಡುತ್ತಾರೆ, ನನ್ನ ಜೀವ ಬಾಯಿಗೆ ಬರುತ್ತದೆ. ಕೆಳಗೆ ನೋಡಲಾರದೆ ಹಿಂದಕ್ಕೆ ತಿರುಗುತ್ತೇನೆ. ಧೈರ್ಯಸ್ಥರ ಮುಖ ಕಂಡರೆ ನನಗೂ ಒಂದಿಷ್ಟು ಧೈರ್ಯ ಬಂದೀತು ಎಂಬ ಆಸೆ.

ಮೇಡಂ ಸೊಂಟದವರೆಗೆ ಹೊರಗಿದ್ದಾರೆ. ಬೆಲ್ಟಣ್ಣನ ಎರಡು ಕೈಗಳೂ ಬೆಲ್ಟಿಗೆ ಬೆಸೆದಂತಿವೆ. ಮೇಡಂ ಒಮ್ಮೆ ಕುಟ್ಟುತ್ತಾರೆ, ಕೈ ನಾಲ್ಕು ಬೆರಳಷ್ಟು ಸಡಿಲವಾಗುತ್ತದೆ. ಎರಡು ಸಲ ಕುಟ್ಟುತ್ತಾರೆ, ಕೈ ತಕ್ಷಣ ಒಳಗೆಳೆಯುತ್ತದೆ. ಎಲ್ಲವೂ ಅಚ್ಚುಕಟ್ಟು. ಆದರೆ ಬೆಲ್ಟಣ್ಣನ ಕಣ್ಣು ಮುಚ್ಚಿವೆ. ಗಾಳಿಗೆ ಕಿರಿದಾಗಿರುವುದಲ್ಲ, ಕಹಿ ಔಷಧಿ ಕುಡಿಸುವಾಗ ಮಕ್ಕಳು ಮುಚ್ಚುವ ಹಾಗೆ ಮುಖವೆಲ್ಲ ಗಂಟಾಗುವಂತೆ ಮುಚ್ಚಿವೆ. ತುಟಿ ಏನೋ ಎಣಿಸುತ್ತಿದೆ. ನಲವತ್ತು ನಿಮಿಷ ನಾನು ಅವರನ್ನೇ ನೋಡುತ್ತೇನೆ. ಚಕ್ರ ನೆಲ ಮುಟ್ಟಿದ ಮೇಲೆಯೇ ಆ ಕಣ್ಣು ತೆರೆಯುತ್ತವೆ, ತೆರೆದೊಡನೆ ನನ್ನ ಕಣ್ಣಿಗೆ ಸಿಕ್ಕಿಬೀಳುತ್ತವೆ.

ಶೆಡ್ಡಿನ ಹಿಂದೆ, ಹಳೆಯ ಟೈರುಗಳ ನಡುವೆ ಕೂತು ಬೆಲ್ಟಣ್ಣ ಎಲ್ಲವನ್ನೂ ಒಪ್ಪಿಕೊಳ್ಳುತ್ತಾರೆ. ಹತ್ತೊಂಬತ್ತು ವರ್ಷ, ಸಾವಿರದ ಮುನ್ನೂರಕ್ಕೂ ಹೆಚ್ಚು ಹಾರಾಟ, ಒಂದರಲ್ಲೂ ಕಣ್ಣು ಬಿಟ್ಟಿಲ್ಲ. ಮೇಡಂ ಸದಾ ಹೊರಗೆ ನೋಡುತ್ತಾರೆ, ಪೈಲಟ್ ಸದಾ ಮುಂದೆ ನೋಡುತ್ತಾರೆ. ಹಿಂದೆ ತಿರುಗಿ ನೋಡಿದ ಮೊದಲ ಪುಣ್ಯಾತ್ಮ ನಾನೇ.

ಮೂಲದಲ್ಲಿ ಅವರು ಹೊಲಿಗೆಯವರು. ಲಾರಿಯ ಟಾರ್ಪಾಲು, ಡೇರೆ, ಸೀಟಿನ ಕವರು ಹೊಲಿಯುತ್ತಿದ್ದರು. ವಿಮಾನದ ಸೀಟು ಹರಿದಿದೆ ಎಂದು ಕರೆಸಿಕೊಂಡವರು ಒಂದು ಗಟ್ಟಿ ಬೆಲ್ಟನ್ನೂ ಹೊಲಿಸಿಕೊಂಡರು. ಹನ್ನೊಂದು ಜೋಡು ಹೊಲಿಗೆ, ಮೇಣ ಸವರಿದ ದಾರ. ಆಗಿನ್ನೂ ಹೊಸಬರಾಗಿದ್ದ ಮೇಡಂ, ಇದು ತಡೆಯುತ್ತದೆಯೇ ಎಂದು ಕೇಳಿದರಂತೆ. "ನನ್ನ ಹೊಲಿಗೆ ಬಗ್ಗೆ ಯಾರಾದ್ರೂ ಅನುಮಾನ ಪಟ್ರೆ ನನಗೆ ಆಗಲ್ಲ ಸಾರ್. ಇದು ತಡೀದಿದ್ರೆ ನಾನೇ ಹಿಡ್ಕೋತೀನಿ ಅಂದ್ಬಿಟ್ಟೆ. ಅವರು ಹಾಗಾದ್ರೆ ಬನ್ನಿ ಅಂದ್ಬಿಟ್ರು." ಬಾಯಿ ಜಾರಿದ್ದಕ್ಕೆ ಮನುಷ್ಯ ಹತ್ತೊಂಬತ್ತು ವರ್ಷ ಆಕಾಶದಲ್ಲಿ ದಂಡ ತೆತ್ತಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಎತ್ತರವೆಂದರೆ ಅವರಿಗೆ ಮೊದಲಿನಿಂದಲೂ ಆಗದು. ಮೂರು ಮನೆ ಬದಲಾಯಿಸಿದ್ದಾರೆ, ಮೂರೂ ನೆಲಮಹಡಿ. ನಾಲ್ಕನೇ ಮಹಡಿಯಲ್ಲಿರುವ ನಾದಿನಿಯ ಮನೆಗೆ ಹೋದರೆ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾರೆ, ಭಾವನಿಗೆ ಏನೋ ಸಿಟ್ಟಿದೆ ಎಂದು ನಾದಿನಿ ಇವತ್ತಿಗೂ ತಿಳಿದಿದ್ದಾಳೆ. ಮನೆಯಲ್ಲಿ ಬಲ್ಬ್ ಬದಲಾಯಿಸುವುದು ಹೆಂಡತಿ. ಆಕೆಯನ್ನು ಕೇಳಿದರೆ, "ಸ್ಟೂಲ್ ಹತ್ತಿದ್ರೆ ತಲೆ ಸುತ್ತುತ್ತೆ ಅಂತಾರೆ, ವಿಮಾನ ಅಂದ್ರೆ ಕತ್ತಲಲ್ಲೇ ಎದ್ದು ಹೊರಡ್ತಾರೆ. ಸ್ಟೂಲಿಗೂ ಪೆಟ್ರೋಲ್ ಹಾಕ್ಬೇಕೇನೋ" ಎನ್ನುತ್ತಾರೆ. ಬೀದಿಯವರಿಗಂತೂ ಅವರು ದೊಡ್ಡ ಮನುಷ್ಯ. ಮೇಲಿನಿಂದ ನಮ್ಮನೆ ಕಂಡಿತಾ ಎಂದು ಯಾರೇ ಕೇಳಲಿ, ಬೆಲ್ಟಣ್ಣ ಹೇಳುವುದು ಒಂದೇ: "ಕಂಡಿತು, ತಾರಸಿ ಗುಡಿಸಿಲ್ಲ." ಈ ಮಾತು ಒಮ್ಮೆಯೂ ಸುಳ್ಳಾಗಿಲ್ಲ. ಅವರ ಬೀದಿಯ ತಾರಸಿಗಳಷ್ಟು ಚೊಕ್ಕಟ ತಾರಸಿಗಳನ್ನು ನಾನು ಎಲ್ಲೂ ನೋಡಿಲ್ಲ.

ಇದನ್ನೆಲ್ಲ ಹೇಳಿ, ಬರೆಯಬೇಡಿ ಎಂದು ಕೈ ಮುಗಿಯುತ್ತಾರೆ. ಬೀದಿಯವರು ನಗಲಿ, ನಾದಿನಿ ನಗಲಿ, ಅದು ಅವರಿಗೆ ಚಿಂತೆಯಿಲ್ಲ. "ಇದು ಪೇಪರಲ್ಲಿ ಬಂದ್ರೆ ಮೇಡಂ ಇನ್ಮೇಲೆ ಬಾಗಿಲಾಚೆ ಬಗ್ಗಲ್ಲ ಸಾರ್. ಅವರಿಗೆ ನನ್ನ ಮೇಲೆ ನಂಬಿಕೆ ಹೋಯ್ತು ಅಂದ್ರೆ ಬೆಲ್ಟ್ ಎಷ್ಟು ಗಟ್ಟಿ ಇದ್ರೇನು ಬಂತು?"

ಇಂಥ ಗುಟ್ಟು ಸಿಕ್ಕಿದರೆ ವರದಿಗಾರನಿಗೆ ಹಬ್ಬ. ನನಗೆ ಮಾತ್ರ ಇದು ಸಿಗದಿದ್ದರೇ ಚೆನ್ನಾಗಿತ್ತು ಎನಿಸುತ್ತದೆ. ಭಯವೇ ಇಲ್ಲದ ವೀರನೆಂದು ಸುಳ್ಳು ಬರೆಯಲು ನನ್ನಿಂದಾಗದು, ಬೇಡವಾದರೆ ಲೇಖನವನ್ನೇ ಬಿಟ್ಟುಬಿಡುತ್ತೇನೆ ಎನ್ನುತ್ತೇನೆ. ಬೆಲ್ಟಣ್ಣ ಟೈರಿನ ಮೇಲಿನ ಧೂಳನ್ನು ಬೆರಳಿನಿಂದ ಗೀಚುತ್ತಾರೆ. ನಾನು ಬರೆಯದಿದ್ದರೂ ಈಗ ಇಬ್ಬರಿಗೆ ಗೊತ್ತಾಗಿದೆಯಲ್ಲ, ಮೂರನೆಯವರಿಗೆ ತಾವೇ ಹೇಳುವುದು ವಾಸಿ ಎನ್ನುತ್ತಾರೆ. ಒಂದು ವಾರದ ಸಮಯ ಕೇಳುತ್ತಾರೆ.

ಮೂರನೆಯ ದಿನ ಅವರ ಫೋನು ಬರುತ್ತದೆ. ಹೇಳಿದರಂತೆ. ಮೇಡಂ ಲೆನ್ಸ್ ಒರೆಸುತ್ತಿದ್ದರಂತೆ, ಒರೆಸುತ್ತಲೇ ಇದ್ದರಂತೆ. ಮೊದಲ ದಿನದಿಂದಲೂ ಹೀಗೆಯೇ ಎಂದಷ್ಟೇ ಕೇಳಿದರಂತೆ. ಹೌದು ಎಂದದ್ದಕ್ಕೆ, ಸರಿ, ನೀವು ಹೊರಡಿ ಎಂದರಂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಬೆಲ್ಟಣ್ಣ ಫೋನಿನಲ್ಲಿ ಅಳುವ ದನಿಯಲ್ಲಿ ಹೇಳುತ್ತಾರೆ.

ಗುರುವಾರ ನಾನು ಹೋಗುವಷ್ಟರಲ್ಲಿ ಬೆಲ್ಟ್ ಹಿಡಿಯಲು ಬೇರೆಯವರು ಬಂದಿದ್ದಾರೆ. ಪೈಲಟ್ ಅವರ ಭಾವಮೈದುನ. ಎದೆ ಎರಡು ಬಾಗಿಲಿನಷ್ಟು ಅಗಲ, ರಜೆ ಬಂದರೆ ಬೆಟ್ಟ ಹತ್ತುವ ಹವ್ಯಾಸ, ಯಾವುದೋ ಬಂಡೆಯ ತುದಿಯಲ್ಲಿ ಒಂಟಿಕಾಲಲ್ಲಿ ನಿಂತ ಫೋಟೋ ಫೋನಿನಲ್ಲಿ ಸದಾ ಸಿದ್ಧ. ನನಗೆ ಎರಡು ಸಲ ತೋರಿಸುತ್ತಾರೆ. ಬೆಲ್ಟಣ್ಣನನ್ನು ಯಾರೂ ಕರೆದಿಲ್ಲ, ಆದರೂ ಬಂದಿದ್ದಾರೆ. ಎಲ್ಲರನ್ನೂ ತೂಗುತ್ತಾರೆ, ಹನ್ನೊಂದು ಹೊಲಿಗೆಯನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ. ಒಂದು ಕುಟ್ಟಿದರೆ ಏನು, ಎರಡು ಕುಟ್ಟಿದರೆ ಏನು ಎಂದು ಭಾವಮೈದುನನಿಗೆ ವಿವರಿಸುತ್ತಾರೆ. ಆತ ಗೊತ್ತು ಗೊತ್ತು ಎನ್ನುತ್ತ ಕಪ್ಪು ಕನ್ನಡಕ ಏರಿಸಿಕೊಳ್ಳುತ್ತಾರೆ. ದಾರ ಕಟ್ಟಿಸಿಕೊಳ್ಳುವುದಿಲ್ಲ, ಫೋನನ್ನೂ ಡಬ್ಬಿಗೆ ಹಾಕುವುದಿಲ್ಲ. ಮೇಡಂ ಬೆಲ್ಟಣ್ಣನ ಕಡೆ ನೋಡುವುದೇ ಇಲ್ಲ.

ವಿಮಾನ ಏರುತ್ತದೆ. ನಾವಿಬ್ಬರೂ ತಂತಿ ಬೇಲಿಯ ಪಕ್ಕದಲ್ಲಿ ನಿಲ್ಲುತ್ತೇವೆ. ಈಗ ಬೆಲ್ಟಣ್ಣನ ಕಣ್ಣು ಮಿಟುಕುತ್ತಲೂ ಇಲ್ಲ. ಎರಡೂ ಕೈ ಬೇಲಿಯ ತಂತಿಯನ್ನು ಹಿಡಿದಿವೆ, ಬೆರಳಿನ ಗೆಣ್ಣು ಬೆಳ್ಳಗಾಗಿವೆ. ವಿಮಾನ ದೂರದಲ್ಲಿ ಓರೆಯಾದಾಗ ಅವರು ತಂತಿಯನ್ನು ಹಿಂದಕ್ಕೆ ಜಗ್ಗುತ್ತಾರೆ, ಬೇಲಿಯೆಲ್ಲ ಕಿರುಗುಟ್ಟುತ್ತದೆ. "ಕೆಳಗೆ ನಿಂತು ನೋಡೋದು ಇನ್ನೂ ಕಷ್ಟ ಸಾರ್" ಎನ್ನುತ್ತಾರೆ. ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ನೆಟ್ಟಗೆ ಮುಂದೆ ನೋಡಿಕೊಂಡು ಕೂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ನಲವತ್ತು ನಿಮಿಷದ ಹಾರಾಟ ಇಪ್ಪತ್ತಕ್ಕೇ ಮುಗಿದು ವಿಮಾನ ಇಳಿಯುತ್ತದೆ. ಮೊದಲು ಇಳಿಯುವ ಭಾವಮೈದುನನ ಮುಖದಲ್ಲಿ ಸಂತೋಷವೋ ಸಂತೋಷ. ಮೇಲಿನಿಂದ ತಮ್ಮ ಮನೆ ಕಂಡಿತಂತೆ, ಹಿತ್ತಿಲಲ್ಲಿ ಒಣಹಾಕಿದ ಬಟ್ಟೆ ಕೂಡ ಕಂಡಿತಂತೆ. ಅದರ ಫೋಟೋ ತೆಗೆಯಲು ಒಂದು ಕೈ ಬಿಟ್ಟರಂತೆ. ಮೇಡಂ ಆ ಕ್ಷಣಕ್ಕೆ ಸೀಟಿನಿಂದ ಒಂದು ಗೇಣು ಹೊರಕ್ಕೆ ಜಾರಿದ್ದಾರೆ. ನೆಲದ ಕೊಕ್ಕೆ ತಡೆದಿದೆ. ಎರಡು ಕುಟ್ಟಿದ್ದಾರೆ, ಮತ್ತೆ ಎರಡು, ಮತ್ತೆ ಎರಡು. "ಮೇಡಂ ಖುಷಿಗೆ ಕಾಲು ಕುಟ್ತಿದ್ದಾರೆ ಅಂದ್ಕೊಂಡೆ" ಎಂದು ಆತ ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಪೈಲಟ್ ತಲೆ ತಗ್ಗಿಸಿಕೊಂಡು ಭಾವಮೈದುನನ ತೋಳು ಹಿಡಿದು ಶೆಡ್ಡಿನೊಳಗೆ ಕರೆದೊಯ್ಯುತ್ತಾರೆ.

ಮೇಡಂ ಇಳಿಯುತ್ತಾರೆ. ಮುಖದಲ್ಲಿ ರಕ್ತವಿಲ್ಲ. ಬೆಲ್ಟ್ ಬಿಚ್ಚದೆ, ಪಟ್ಟಿಯನ್ನು ನೆಲದ ಮೇಲೆ ಎಳೆದುಕೊಂಡೇ ಬೇಲಿಯವರೆಗೆ ನಡೆದು ಬರುತ್ತಾರೆ. ನನ್ನ ಕಡೆ ತಿರುಗಿಯೂ ನೋಡುವುದಿಲ್ಲ.

"ಬೆಲ್ಟಣ್ಣ, ಇನ್ನೂ ಎಂಟು ಫೋಟೋ ಬಾಕಿ ಇದೆ. ಬನ್ನಿ."

ಬೆಲ್ಟಣ್ಣನ ಕಣ್ಣಲ್ಲಿ ನೀರು ತುಂಬುತ್ತದೆ. ಆದರೂ ಮನುಷ್ಯನಿಗೆ ಸುಳ್ಳು ಹೇಳಿ ಸಾಕಾಗಿದೆ. "ಮೇಡಂ, ಕಣ್ಣು ಮಾತ್ರ ಇವತ್ತೂ ಬಿಡೋಕಾಗಲ್ಲ" ಎನ್ನುತ್ತಾರೆ.

"ಬಿಡಿ ಅಂತ ನಾನು ಕೇಳಿದ್ನಾ?" ಎಂದು ಮೇಡಂ ತಿರುಗಿ ವಿಮಾನದ ಕಡೆ ಹೊರಟೇಬಿಡುತ್ತಾರೆ. ಬೆಲ್ಟಣ್ಣ ಓಡುತ್ತಾರೆ. ಓಡುತ್ತಲೇ ಪಟ್ಟಿಯನ್ನು ನೆಲದಿಂದ ಎತ್ತಿ, ಮಣ್ಣು ಕೊಡವಿ, ಹೊಲಿಗೆ ಒತ್ತಿ ನೋಡುತ್ತಾರೆ.

ಅವರು ಮರಳಿ ಇಳಿದಾಗ ಬಿಸಿಲೇರಿದೆ. ಎಂಟೂ ಫೋಟೋ ಸಿಕ್ಕಿವೆ, ಅದರಲ್ಲೊಂದು ಇಷ್ಟು ವರ್ಷದಲ್ಲಿ ತೆಗೆದದ್ದರಲ್ಲೇ ಚೆನ್ನಾಗಿದೆ ಎಂದು ಮೇಡಂ ಹೇಳುತ್ತಾರೆ. ಅಷ್ಟು ಹೊರಗೆ ತಾವು ಹಿಂದೆಂದೂ ಬಗ್ಗಿರಲಿಲ್ಲವಂತೆ. ಬೆಲ್ಟಣ್ಣ ಬೆವರು ಒರೆಸಿಕೊಳ್ಳುತ್ತ ಅಂಗೈ ಬಿಡಿಸಲು ಒದ್ದಾಡುತ್ತಿದ್ದಾರೆ, ಬೆರಳುಗಳು ಇನ್ನೂ ಮಡಚಿಕೊಂಡೇ ಇವೆ. ಲೇಖನದ ವಿಷಯ ಏನು ಮಾಡಲಿ ಎಂದು ನಾನು ಮೆಲ್ಲಗೆ ಕೇಳುತ್ತೇನೆ. ಬೆಲ್ಟಣ್ಣ ಮಡಚಿದ ಕೈಗಳನ್ನೇ ನನ್ನತ್ತ ಚಾಚುತ್ತಾರೆ.

"ಬರೀರಿ ಸಾರ್. ಹೆದರಿಕೆ ಇತ್ತು ಅಂತ ಬರೀರಿ, ಕಣ್ಣು ಮುಚ್ಚಿದ್ದ ಅಂತಾನೂ ಬರೀರಿ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲಾನೂ ಕೈ ಬಿಟ್ಟಿಲ್ಲ, ಅದನ್ನ ಮಾತ್ರ ಮರೀಬೇಡಿ."