ಚಿಕ್ಕಪ್ಪ ಕೊಟ್ಟ ರೆಫರೆನ್ಸ್

ನಾನು ಅರವತ್ತು ಪರ್ಸೆಂಟ್ ಮಾತ್ರ ಪೂರ್ಣಗೊಂಡಿದ್ದೇನೆ ಎಂಬ ಸಂಗತಿ ನನಗೆ ಗೊತ್ತಾದದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಹೇಳಿದ್ದು ಕೆಲಸ ಹುಡುಕಿಕೊಡುವ ಒಂದು ವೆಬ್‌ಸೈಟು. ಫೋಟೋ ಹಾಕಿದರೆ ಇನ್ನೈದು ಪರ್ಸೆಂಟ್ ಕೊಡುತ್ತೇನೆ ಎಂದಿತು. ಹಾಕಿದೆ. ನಗುಮುಖದ ಫೋಟೋ ಇದ್ದರೆ ಒಳ್ಳೆಯದು ಎಂದಿತು. ಕೆಲಸ ಕಳೆದುಕೊಂಡು ಮೂರು ತಿಂಗಳಾದವಳು ಯಾವ ಸುಖಕ್ಕೆ ನಗಬೇಕು ಎಂದು ಕೇಳಲು ಅಲ್ಲಿ ಜಾಗವಿರಲಿಲ್ಲ.

ಅದಕ್ಕೆ ಮೊದಲು ಹತ್ತೊಂಬತ್ತು ವರ್ಷ ಈ ತಮಿಳು ಊರಿನ ಕ್ರೋಂಪೇಟೆ ಸ್ಟೇಷನ್ ಹತ್ತಿರ ಚಿಕ್ಕಪ್ಪನ ಸಸ್ಯಾಹಾರಿ ಹೋಟೆಲಿನಲ್ಲಿ ಇದ್ದೆ. ಕ್ಯಾಶಿನಲ್ಲಿ ಕೂರುವುದು ಹೆಸರಿಗೆ. ತರಕಾರಿ ತರಿಸುವುದು, ಅಕ್ಕಿ ಬೇಳೆ ನೋಡುವುದು, ಊರಿಗೆ ಹೋದ ಅಡುಗೆಯವರು ವಾಪಸ್ಸು ಬರುವಂತೆ ಫೋನಿನಲ್ಲಿ ಗೋಗರೆಯುವುದು, ಸಾಂಬಾರ್ ತಣ್ಣಗಾಯಿತೆಂದು ಕೂಗಾಡುವ ಗಿರಾಕಿಯನ್ನು ಸಮಾಧಾನ ಮಾಡುವುದು, ಎಲ್ಲವೂ ನನ್ನ ತಲೆಗೇ. ಕಟ್ಟಡದ ಯಜಮಾನರು ಅದನ್ನು ಕೆಡವಿ ಫ್ಲಾಟ್ ಕಟ್ಟಿಸುತ್ತೇವೆ ಎಂದರು. ಎಪ್ಪತ್ತು ದಾಟಿದ ಚಿಕ್ಕಪ್ಪ ಇನ್ನು ಸಾಕು ಎಂದು ಹೋಟೆಲು ಮುಚ್ಚಿದರು. ನನಗೆ ಸಾಕಾಗಿರಲಿಲ್ಲ. ಮಗಳ ಕಾಲೇಜು ಇನ್ನೂ ಎರಡು ವರ್ಷವಿತ್ತು, ಮನೆಗೆ ಬರುತ್ತಿದ್ದದ್ದು ನನ್ನವರ ಸಂಬಳ ಒಂದೇ. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಐದಕ್ಕೆ ಎಚ್ಚರವಾಗಿ ಹೋಗಲು ಎಲ್ಲಿಯೂ ಇಲ್ಲ ಎನ್ನುವುದನ್ನು ನನಗೆ ತಡೆಯಲಾಗುತ್ತಿರಲಿಲ್ಲ.

ನಮ್ಮ ಹೋಟೆಲಿನವರ ಲೋಕದಲ್ಲಿ ಯಾರೂ ಅರ್ಜಿ ಹಾಕಿದವರಲ್ಲ. ಊರಿನ ಕಡೆಯ ಒಬ್ಬರು ಇನ್ನೊಬ್ಬರನ್ನು ಕರೆತಂದು, ಇವ ನಮ್ಮವ, ನೋಡಿಕೊಳ್ಳಿ ಎನ್ನುತ್ತಿದ್ದರು. ಮಾರನೆಯ ದಿನ ಅವನು ಕಾಫಿ ಡಿಕಾಕ್ಷನ್ ಇಳಿಸುತ್ತಿದ್ದ. ಈಗ ಅದೇ ಕೆಲಸಕ್ಕೆ ನನ್ನ ಪ್ಯಾಷನ್ ಏನು ಎಂದು ಬರೆಯಬೇಕಿತ್ತು, ಇನ್ನೂರು ಪದಗಳಿಗೆ ಕಡಿಮೆಯಿಲ್ಲದಂತೆ.

ಬರೆದುಕೊಟ್ಟವಳು ಮಗಳು. ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುತ್ತ, ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತ ಅರ್ಧ ಗಂಟೆಯಲ್ಲಿ ನನ್ನನ್ನು ಬೇರೆ ಯಾರನ್ನೋ ಮಾಡಿಬಿಟ್ಟಳು. ಸಪ್ಲೈಯರುಗಳ ಜಗಳ ಬಿಡಿಸಿದ್ದು ಕಾನ್‌ಫ್ಲಿಕ್ಟ್ ರೆಸಲ್ಯೂಷನ್ ಆಯಿತು. ದೋಸೆಹಿಟ್ಟು ಹುಳಿ ಬಂತೇ ಎಂದು ಬೆರಳದ್ದಿ ನೋಡಿದ್ದು ಕ್ವಾಲಿಟಿ ಅಶ್ಯೂರೆನ್ಸ್ ಆಯಿತು. ಇದೆಲ್ಲ ಸುಳ್ಳಲ್ಲವೇನೇ ಎಂದರೆ, "ಪೊಯ್ ಇಲ್ಲೈಮ್ಮಾ, ಪ್ರೊಫೈಲ್" ಎಂದಳು. ಸುಳ್ಳಿಗೂ ಪ್ರೊಫೈಲಿಗೂ ಇರುವ ವ್ಯತ್ಯಾಸ ಅವಳ ಮುಖ ನೋಡಿದರೆ ಬಹಳ ದೊಡ್ಡದಿರಬೇಕು.

ಆಮೇಲೆ ದಿನವೂ ಶುಭಸಮಾಚಾರ ಬರತೊಡಗಿತು. ನಿಮಗಾಗಿಯೇ ಹುಡುಕಿದ ಹನ್ನೆರಡು ಕೆಲಸಗಳು ಎಂಬ ಮೇಲ್ ತೆರೆದರೆ ಒಂದರಲ್ಲಿ ಕ್ರೇನ್ ಓಡಿಸಬೇಕು, ಇನ್ನೊಂದರಲ್ಲಿ ಹಲ್ಲಿನ ಡಾಕ್ಟರ್ ಆಗಿರಬೇಕು. ಒಂದು ಕಡೆ ರೆಸ್ಯೂಮೆ ಅಪ್‌ಲೋಡ್ ಮಾಡಿ ಎಂದರು. ಮಾಡಿದ ಮೇಲೆ ಅದರಲ್ಲಿದ್ದ ಅಷ್ಟನ್ನೂ ಮತ್ತೆ ಸಣ್ಣ ಸಣ್ಣ ಪೆಟ್ಟಿಗೆಗಳಲ್ಲಿ ತುಂಬಿಸಿಕೊಂಡರು. ಇನ್ನೊಂದು ಕಡೆ ಇಂಟರ್‌ವ್ಯೂ ಎಂದು ಸೀರೆ ಉಟ್ಟು ಲ್ಯಾಪ್‌ಟಾಪ್ ಮುಂದೆ ಕುಳಿತರೆ ಎದುರು ಯಾರೂ ಇಲ್ಲ. ಪರದೆಯ ಮೇಲೆ ಪ್ರಶ್ನೆ, ಮೂಲೆಯಲ್ಲಿ ಓಡುವ ಗಡಿಯಾರ, ನಡುವೆ ನನ್ನದೇ ಮುಖ. ನಿಮ್ಮ ಅತಿ ದೊಡ್ಡ ಸೋಲು ಯಾವುದು ಎಂದು ಕೇಳಿತು. ಈ ವಯಸ್ಸಿನಲ್ಲಿ ಗೋಡೆಗೆ ಕೈಮುಗಿದು ಮಾತಾಡುತ್ತಿರುವುದೇ ಎಂದೆ. ಅಲ್ಲಿಂದ ಮತ್ತೆ ಸುದ್ದಿಯಿಲ್ಲ.

ಕೊನೆಗೆ ಒಂದು ಕಡೆ ದೇವರು ಕಣ್ಣುಬಿಟ್ಟ. ಶೋಳಿಂಗನಲ್ಲೂರಿನ ಐಟಿ ಪಾರ್ಕೊಂದರಲ್ಲಿ ಕ್ಯಾಂಟೀನ್ ನಡೆಸುವ ಕಂಪನಿಗೆ ಮ್ಯಾನೇಜರ್ ಬೇಕಿತ್ತು. ಕರೆದದ್ದು ನಿಜವಾದ ಮನುಷ್ಯರು. ಅವರ ಮೇಲಧಿಕಾರಿ ನನ್ನನ್ನು ಅಡುಗೆಮನೆಗೆ ಕರೆದೊಯ್ದು ಏನನಿಸುತ್ತದೆ ಎಂದು ಕೇಳಿದರು. ಚಟ್ನಿ ಅರೆದು ಎರಡು ಗಂಟೆ ಹೊರಗಿಟ್ಟಿದ್ದೀರಿ, ಈ ಸೆಖೆಗೆ ಮಧ್ಯಾಹ್ನದೊಳಗೆ ಕೆಡುತ್ತದೆ, ತೆಗೆಸಿ ಎಂದೆ. ಆ ಮನುಷ್ಯ ಅಲ್ಲೇ ತೆಗೆಸಿದರು. ಹೊರಡುವಾಗ, ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಒಂದು ಬಾಕಿ, ಅದು ಬರೀ ಶಾಸ್ತ್ರಕ್ಕೆ, ಒಂದನೇ ತಾರೀಕಿಗೆ ಸೇರಲು ತಯಾರಾಗಿರಿ ಎಂದರು. ಬಸ್ಸಿನಲ್ಲಿ ಮನೆವರೆಗೂ ನಿಂತೇ ಬಂದರೂ ಕಾಲು ನೋಯಲಿಲ್ಲ.

ಶಾಸ್ತ್ರವೆಂದರೆ ಹಿಂದಿನ ಯಜಮಾನರ ನಂಬರು ಕೊಡಬೇಕು, ಅವರಿಗೆ ಫೋನ್ ಮಾಡಿ ನನ್ನ ಬಗ್ಗೆ ವಿಚಾರಿಸುತ್ತಾರೆ. ನನಗಿದ್ದವರು ಒಬ್ಬರೇ ಯಜಮಾನರು. ಚಿಕ್ಕಪ್ಪನಿಗೆ ಮೊದಲೇ ಹೇಳಿದೆ, ಆಫೀಸಿನಿಂದ ಫೋನ್ ಬರುತ್ತದೆ, ಸರಿಯಾಗಿ ಮಾತಾಡಿ ಎಂದು. ಅದೆಲ್ಲ ನನಗೆ ಬಿಡು ಎಂದರು. ಬಿಟ್ಟೆ. ನಾನು ಮಾಡಿದ ತಪ್ಪು ಅದೇ.

ಎರಡು ದಿನ ಬಿಟ್ಟು ಅವರ ಮನೆಗೆ ಹೋದಾಗ ಚಿಕ್ಕಪ್ಪ ಬಹಳ ಖುಷಿಯಲ್ಲಿದ್ದರು. ಒಂದು ಹುಡುಗಿ ಫೋನ್ ಮಾಡಿದ್ದಳಂತೆ, ಬಹಳ ಮರ್ಯಾದಸ್ತಳಂತೆ.

"ಚಂದ ಮಾಡಿ ಮಾತಾಡಿದ್ದೇನೆ. ನಮ್ಮ ಹುಡುಗಿಗೆ ಹೆಚ್ಚೆಂತ ಗೊತ್ತಿಲ್ಲ, ಸ್ವಲ್ಪ ಸಿಟ್ಟು ಉಂಟು, ತಪ್ಪಿದರೆ ನೀವೇ ತಿದ್ದಿಕೊಳ್ಳಬೇಕು, ಇನ್ನು ಅವಳು ನಿಮ್ಮವಳೇ ಅಂತ ಹೇಳಿದೆ."

ನನ್ನ ಜೀವ ಅಲ್ಲೇ ಅರ್ಧ ಇಳಿದುಹೋಯಿತು. ಇದು ನಮ್ಮ ಮನೆಗಳಲ್ಲಿ ಹೆಣ್ಣು ಕೊಡುವಾಗ ಗಂಡಿನ ಕಡೆಯವರಿಗೆ ಹೇಳುವ ಮಾತು. ಅವರು ಛೇ ಛೇ ಹಾಗೆನ್ನಬೇಡಿ ಎನ್ನಬೇಕು, ಇವರು ಇಲ್ಲ ಇಲ್ಲ ಏನೂ ಬರುವುದಿಲ್ಲ ಎನ್ನಬೇಕು, ಹೊಗಳಿದ್ದು ಅಂತ ಎರಡೂ ಕಡೆಯವರಿಗೂ ಗೊತ್ತಾಗಬೇಕು. ಆ ಹುಡುಗಿಗೆ ಇದನ್ನು ಯಾರು ಹೇಳಬೇಕು? ಅವಳ ಎದುರಿಗೆ ಇದ್ದದ್ದು ಟಿಕ್ ಹಾಕುವ ಫಾರಂ. ಹೆಚ್ಚು ಗೊತ್ತಿಲ್ಲ, ಟಿಕ್. ಸಿಟ್ಟು, ಟಿಕ್.

ಇನ್ನೇನು ಕೇಳಿದಳು ಎಂದೆ.

ಅವಕಾಶ ಸಿಕ್ಕರೆ ಇವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದಳಂತೆ. ಚಿಕ್ಕಪ್ಪ ಖಂಡಿತ ಇಲ್ಲ ಎಂದಿದ್ದರು. ಒಮ್ಮೆ ಕಳಿಸಿಕೊಟ್ಟ ಮೇಲೆ ಅವಳು ಯಾಕೆ ತಿರುಗಿ ಬರಬೇಕು, ಅಲ್ಲೇ ಸುಖವಾಗಿ ಇರಬೇಕು ಎನ್ನುವುದು ಅವರ ಮನಸ್ಸಿನಲ್ಲಿದ್ದ ಮಾತು. ಬಾಯಲ್ಲಿ ಬಂದದ್ದು ಖಂಡಿತ ಇಲ್ಲ ಮಾತ್ರ.

ನಾಲ್ಕನೆಯ ದಿನ ಮೇಲ್ ಬಂತು. ಪ್ರಿಯ ಅಭ್ಯರ್ಥಿಯೇ, ನಿಮ್ಮ ಅನುಭವ ನಮ್ಮ ಮನಸ್ಸನ್ನು ಗೆದ್ದಿದೆ, ಆದರೆ ನಾವು ಬೇರೆಯವರೊಂದಿಗೆ ಮುಂದುವರಿಯುತ್ತಿದ್ದೇವೆ, ನಿಮ್ಮನ್ನು ನಮ್ಮ ಟ್ಯಾಲೆಂಟ್ ಪೂಲ್‌ನಲ್ಲಿ ಇಟ್ಟುಕೊಳ್ಳುತ್ತೇವೆ. ಮನಸ್ಸು ಗೆದ್ದವಳನ್ನು ಕೊಳದಲ್ಲಿ ಬಿಟ್ಟು ಹೋಗುವ ಈ ಮರ್ಯಾದೆಗೆ ಏನೆನ್ನಬೇಕು? ನಾನೇ ಆ ಮೇಲಧಿಕಾರಿಗೆ ಫೋನ್ ಮಾಡಿದೆ. ಪಾಪ, ಅವರು ನೊಂದುಕೊಂಡೇ ಮಾತಾಡಿದರು. ನನಗೆ ನೀವು ಬೇಕಿತ್ತಮ್ಮ, ಆದರೆ ರಿಪೋರ್ಟಿನಲ್ಲಿ ಕೆಂಪು ಬಂದಿದೆ, ಸಿಸ್ಟಮ್ ಒಪ್ಪುವುದಿಲ್ಲ ಎಂದರು. ಫೋನ್ ಇಟ್ಟು ಅತ್ತೆ. ನಾಚಿಕೆಯೇನಿಲ್ಲ, ಚೆನ್ನಾಗಿಯೇ ಅತ್ತೆ.

ಮುಖ ತೊಳೆದು ನೇರ ಚಿಕ್ಕಪ್ಪನ ಮನೆಗೆ ಹೋದೆ. ಜಗಳ ಮಾಡಲೆಂದೇ ಹೋದದ್ದು. ಅವರು ಪೇಪರ್ ಮಡಚಿಟ್ಟು, ಯಾವಾಗ ಸೇರುವುದು ಎಂದರು. ಕ್ಯಾಂಟೀನಿನವರು ನನ್ನನ್ನು ಬೇಡವೆಂದರು ಎಂದೆ. ಚಿಕ್ಕಪ್ಪನಿಗೆ ಸಿಟ್ಟು ಬಂತು, ನನಗಿಂತ ಜಾಸ್ತಿ.

"ಅವರಿಗೆ ಕಣ್ಣಿಲ್ಲ. ಹತ್ತೊಂಬತ್ತು ವರ್ಷ ಹೋಟೆಲು ನಡೆಸಿದ್ದು ನಾನಾ? ನಾನು ಹೆಸರಿಗೆ ಕೂತಿದ್ದೆ. ನಡೆಸಿದ್ದು ನೀನು."

ಅಷ್ಟು ವರ್ಷದಲ್ಲಿ ಅವರ ಬಾಯಲ್ಲಿ ನಾನು ಕೇಳಿದ ಅತಿ ದೊಡ್ಡ ಹೊಗಳಿಕೆ, ಇವತ್ತು ಉಪ್ಪು ಸರಿ ಉಂಟು ಎನ್ನುವುದು. ಜಗಳಕ್ಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೇ ಉಳಿಯಿತು.

"ಇದನ್ನು ಆ ಹುಡುಗಿ ಹತ್ತಿರ ಹೇಳಬಾರದಿತ್ತಾ ಚಿಕ್ಕಪ್ಪ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಹೊರಗಿನವರ ಹತ್ತಿರ ಮನೆಮಕ್ಕಳನ್ನು ಹೊಗಳುವುದುಂಟಾ ಮಾರಾಯ್ತಿ?"

ಅವರಿಂದಲೇ ಕೆಲಸ ತಪ್ಪಿತೆಂದು ನಾನು ಹೇಳಲಿಲ್ಲ. ಚಿಕ್ಕಮ್ಮ ಕೊಟ್ಟ ಕಾಫಿ ಕುಡಿದು ಹೊರಟೆ. ಬಸ್ ಸ್ಟಾಪಿನಲ್ಲಿ ನಿಂತು ಫೋನಿನಲ್ಲೇ ಇನ್ನೊಂದು ಕಡೆ ಅರ್ಜಿ ತುಂಬಿಸಿದೆ. ನಿಮ್ಮ ಕೆಲಸವನ್ನು ಹತ್ತಿರದಿಂದ ಬಲ್ಲವರ ನಂಬರು ಕೊಡಿ ಎಂದಿತ್ತು. ಬಸ್ಸು ಬಂದು ಹೋಯಿತು, ಇನ್ನೊಂದೂ ಹೋಯಿತು. ನನ್ನ ಕೆಲಸವನ್ನು ಹತ್ತಿರದಿಂದ ಬಲ್ಲವರು ಅವರೊಬ್ಬರೇ. ಅವರ ನಂಬರನ್ನೇ ಹಾಕಿದೆ.