ನನ್ನ ಕೈಯಲ್ಲೇ ತಿನ್ನುತ್ತೇನೆ

ಮೊದಲು ಗೊತ್ತಾಗಿದ್ದು ಉಪ್ಪಿನಿಂದ.

ಉಪ್ಸಾರಿಗೆ ಒಂದು ಚಿಟಿಕೆ ಹಾಕಿದೆ ಎಂದುಕೊಂಡಿದ್ದೆ. ಬೆರಳುಗಳು ಎಷ್ಟು ಹಿಡಿದಿದ್ದವೋ, ಬೆರಳುಗಳಿಗೇ ತಿಳಿದಿರಲಿಲ್ಲ. ನಮ್ಮ ಯಜಮಾನರು ಮುದ್ದೆ ಮುರಿದು, ಸಾರಿಗೆ ಅದ್ದಿ ಬಾಯಿಗಿಟ್ಟು, ನೀರಿನ ಲೋಟಕ್ಕೆ ಕೈ ಚಾಚಿದರು.

"ಏನಮ್ಮಿ, ಸಮುದ್ರಕ್ಕೆ ಓಗಿ ಬಂದ್ಯಾ?"

ಇಬ್ಬರೂ ನಕ್ಕೆವು. ಮರುದಿನವೂ ಸಾರು ಹಾಗೇ ಆಯಿತು. ಆಮೇಲೆ ರವಿಕೆಯ ಹುಕ್ಕು ಕೈಗೆ ಸಿಗದಾಯಿತು. ತಾಂಡ್ಯದ ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಮುಚ್ಚಳ ತಿರುಗಿಸಿ ಪೆಟ್ಟಿಗೆಗೆ ತುಂಬುವ ಕೆಲಸ ನನ್ನದು. ಮುಚ್ಚಳಗಳು ನೆಲಕ್ಕೆ ಬೀಳತೊಡಗಿದವು. ಯಾರೋ ನನ್ನ ಕೈಗಳಿಗೆ ತೆಳ್ಳಗಿನ ಬಟ್ಟೆ ಸುತ್ತಿದ್ದಾರೆ, ಅದರ ಮೇಲಿಂದಲೇ ನಾನು ಎಲ್ಲವನ್ನೂ ಮುಟ್ಟುತ್ತಿದ್ದೇನೆ ಎನಿಸುತ್ತಿತ್ತು.

ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿದೆವು. ಕುತ್ತಿಗೆಯ ಹತ್ತಿರ ಡಿಸ್ಕ್ ಸರಿದು ಸ್ಪೈನಲ್ ಕಾರ್ಡನ್ನು ಒತ್ತುತ್ತಿದೆ ಎಂದರು ಡಾಕ್ಟರು. "ಈಗ ಆಪರೇಷನ್ ಮಾಡದೇ ಇದ್ರೆ ಕಾಲೂ ಹೋಗುತ್ತೆ. ಕೈ ಎಷ್ಟು ವಾಪಸ್ ಬರುತ್ತೋ ಹೇಳಕ್ಕಾಗಲ್ಲ."

ಆಪರೇಷನ್ ಆಯಿತು. ಕಾಲು ಉಳಿಯಿತು.

ಕೈ ಬರಲಿಲ್ಲ.

ನಂಜನಗೂಡಿನ ನಮ್ಮ ಮನೆಯಲ್ಲಿ ನಾವಿಬ್ಬರೇ. ಮಕ್ಕಳಿಲ್ಲ. ಯಜಮಾನರು ಲಗೇಜ್ ಆಟೋ ಓಡಿಸುತ್ತಿದ್ದರು. ಬೆಳಿಗ್ಗೆ ನನ್ನ ಬೆರಳುಗಳಿಗೆ ಬಿಸಿ ಎಣ್ಣೆ ತಿಕ್ಕುವುದು, ತಲೆ ಬಾಚುವುದು, ನಿರಿಗೆ ಹಿಡಿದು ಪಿನ್ನು ಹಾಕುವುದು, ಇವೆಲ್ಲ ಒಂದೊಂದಾಗಿ ಅವರ ಕೆಲಸಗಳಾದವು. ಬೀದಿಗೆ ಕಾಣದ ಹಾಗೆ ಬಾಗಿಲು ಹಾಕಿಕೊಂಡು ಮಾಡುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಎಲ್ಲಿದ್ದರೂ ಬರುತ್ತಿದ್ದರು.

ಆಸ್ಪತ್ರೆಯಲ್ಲಿ ನರ್ಸು ನನ್ನ ಬಾಯಿಗೆ ತುತ್ತು ಇಡುತ್ತಿದ್ದುದನ್ನು ಅವರು ನೋಡಿದ್ದರು. ಮನೆಗೆ ಬಂದ ದಿನವೇ ಅದು ಬೇಡ ಎಂದರು. ಅವರ ಅವ್ವ ಬೆಳದಿಂಗಳಲ್ಲಿ ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು, ದೊಡ್ಡ ಬೇಸಿನ್ನಿನಲ್ಲಿ ಅನ್ನ ಕಲಸಿ, ಒಬ್ಬೊಬ್ಬರ ಅಂಗೈಗೂ ಒಂದೊಂದು ತುತ್ತು ಹಾಕುತ್ತಿದ್ದರಂತೆ. ಇವರೂ ಹಾಗೇ ತಟ್ಟೆಯ ಮುಂದೆ ಕೂತು, ಮುದ್ದೆಯನ್ನು ಸಣ್ಣಗೆ ಮುರಿದು ಸಾರಿನಲ್ಲಿ ಹೊರಳಿಸಿ ನನ್ನ ಅಂಗೈಗೆ ಹಾಕಿದರು.

"ಬಾಯ್ಗೆ ಇಕ್ಬುಟ್ರೆ ನೀನು ರೋಗಿ ಆಗೋಯ್ತೀಯ ಕಣಮ್ಮಿ. ಕೈಗಾಕುದ್ರೆ ಉಣ್ಣೋಳು."

ಅಂಗೈಯನ್ನು ಬಟ್ಟಲು ಮಾಡುವುದು ನನಗೆ ಬರುತ್ತಿತ್ತು. ಅದನ್ನು ಬಾಯಿಗೆ ಒಯ್ಯುವುದೂ ಬರುತ್ತಿತ್ತು. ಬೆಚ್ಚಗಿನ ಭಾರ ಬಂದು ಕೂರುವುದು, ಬಾಯಿಗೆ ಹೋಗುವುದು, ಕೈ ಮತ್ತೆ ಚಾಚುವುದು. ನಿದ್ದೆಯಲ್ಲಿ ಉಸಿರಾಡಿದ ಹಾಗೆ ಅದು ನಡೆದುಹೋಗುತ್ತಿತ್ತು. ತಟ್ಟೆಯಿಂದ ಅಂಗೈವರೆಗಿನ ದಾರಿ ಇನ್ನೊಬ್ಬರದು ಎನ್ನುವುದು ನನಗೆ ಮರೆತೇಹೋಯಿತು.

ಕಾರ್ಖಾನೆಯ ಸೂಪರ್‌ವೈಸರ್ ಒಳ್ಳೆಯವರು. ಬೆಲ್ಟಿನ ಮೇಲೆ ಹೋಗುವ ಬಾಟಲಿಗಳಲ್ಲಿ ಬಿರುಕಿದೆಯೇ ಎಂದು ಕೂತು ನೋಡುವ ಕೆಲಸವೊಂದಿತ್ತು. ಬಿರುಕು ಕಂಡರೆ ಕಾಲಿನಿಂದ ಪೆಡಲ್ ಒತ್ತಬೇಕು, ಅಷ್ಟೆ. "ಅಂಗವಿಕಲರ ಕಾರ್ಡ್ ಇದ್ರೆ ಅದನ್ನ ನಿಮಗೇ ಕೊಡಿಸ್ತೀನಿ. ಊನ ನಲವತ್ತು ಪರ್ಸೆಂಟ್ ಇರ್ಬೇಕು" ಎಂದರು.

ಕಾರ್ಡಿಗಾಗಿ ಮೈಸೂರಿನ ಮೆಡಿಕಲ್ ಬೋರ್ಡಿಗೆ ಹೋದೆವು. ದೊಡ್ಡವರ ಮುಂದೆ ಹೋಗುವಾಗ ಹೇಗೆ ಹೋಗಬೇಕೋ ಹಾಗೇ ಹೋದೆವು. ಯಜಮಾನರು ಇಸ್ತ್ರಿ ಸೀರೆ ಉಡಿಸಿ, ಜಡೆ ಹಾಕಿ, ಮಲ್ಲಿಗೆ ಮುಡಿಸಿದ್ದರು. ಡಾಕ್ಟರು ತಮ್ಮ ಬೆರಳು ಹಿಡಿಸಿ ನೋಡಿದರು. ಕೋಣೆಯ ತುಂಬ ಸರದಿಯ ಜನ ನಿಂತಿದ್ದರು.

"ಸೀರೆ ನೀವೇ ಉಟ್ಕೋತೀರಾ?"

ಸುತ್ತ ಅಷ್ಟು ಜನ. ಗಂಡ ಸೀರೆ ಉಡಿಸುತ್ತಾರೆ ಎಂದು ಅಲ್ಲಿ ಯಾರು ಹೇಳುತ್ತಾರೆ? ಹೌದೆಂದು ತಲೆಯಾಡಿಸಿದೆ.

"ಊಟ?"

"ನನ್ನ ಕೈಯಲ್ಲೇ ತಿಂತೀನಿ ಸಾರ್."

ಹಿಂದೆ ನಿಂತಿದ್ದ ಯಜಮಾನರು ಅದಕ್ಕೆ ಹೆಮ್ಮೆಯಿಂದ ಹೂಂಗುಟ್ಟಿದ್ದು ನನಗೆ ಕೇಳಿಸಿತು.

ಮೂವತ್ತೈದು ಪರ್ಸೆಂಟ್ ಎಂದು ಬಂತು.

ಮೇಲ್ಮನವಿ ಹಾಕಬಹುದು, ಅದಕ್ಕೆ ಇಷ್ಟು ದಿನದ ಗಡುವು ಎಂದು ಕೌಂಟರಿನವರು ಹೇಳಿದರು. "ಆಕವ ಬುಡು. ಮಾರ್ಕ್ಸ್ ಕಮ್ಮಿ ಬಂದ್ರೆ ಐಕ್ಳು ರೀ ಟೋಟ್ಲಿಂಗ್ ಆಕಲ್ವಾ?" ಎಂದರು ಯಜಮಾನರು. ಹೋಗೋಣ ಎಂದುಕೊಳ್ಳುತ್ತಲೇ ದಿನ ಕಳೆದವು.

ಒಂದು ಬೆಳಿಗ್ಗೆ ಯಜಮಾನರು ಆಟೋ ತೊಳೆಯುತ್ತಿದ್ದರು. ನೀರಿನ ಸದ್ದು ನಿಂತಿತು.

ಹಾರ್ಟ್ ಅಟ್ಯಾಕ್ ಎಂದರು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಕಪಿಲೆಯ ದಡದಲ್ಲಿ ಹೊಗೆ. ಯಾರದೋ ಕೈ ನನ್ನ ಭುಜದ ಮೇಲೆ. ಕಾರ್ಯ ಮುಗಿದ ಮೇಲೆ ಅಣ್ಣ ನನ್ನನ್ನು ಸೋಸಲೆಗೆ ಕರೆದುಕೊಂಡು ಹೋದ. ಕಾವೇರಿಯ ದಡದ ಊರು ಅದು, ನನ್ನ ತವರು. ಆ ದಿನ ಎಲ್ಲರ ಜೊತೆ ನನಗೂ ಬಡಿಸಿದರು. ಮುದ್ದೆ, ಸೊಪ್ಪಿನ ಸಾರು. ಎಲ್ಲರೂ ಉಣ್ಣತೊಡಗಿದರು. ನಾನು ಅಂಗೈ ಚಾಚಿ ಕೂತಿದ್ದೆ. ಕಾಯುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ಭಾರ ಬರಲಿಲ್ಲ.

ಅತ್ತಿಗೆ ಕಣ್ಣೊರೆಸಿಕೊಂಡು ಎದ್ದು ಬಂದು ನನ್ನ ಬಾಯಿಗೆ ತುತ್ತಿಟ್ಟಳು. ಮರುದಿನವೂ ಇಟ್ಟಳು. ಅಕ್ಕರೆಯಿಂದಲೇ ಇಟ್ಟಳು, ಅದರಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ. ಹೊಲದಿಂದ ಬಂದವಳು ಕೈಕಾಲು ತೊಳೆದು ಮೊದಲು ನನ್ನ ಹತ್ತಿರವೇ ಬರುತ್ತಿದ್ದಳು. ನಾನು ಬಾಯಿ ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ. ಸಂಜೆ ಹೊಳೆಯ ಕಡೆ ಮುಖ ಮಾಡಿ ಜಗಲಿಯಲ್ಲಿ ಕೂತಿರುತ್ತಿದ್ದೆ. ಬಿಸಿಲು ನೀರಿನ ಮೇಲಿಂದ ಎದ್ದು ಹೋಗುವುದನ್ನು ನೋಡುತ್ತಿದ್ದೆ. ಯಾರಾದರೂ ಬಂದು ಒಳಗೆ ಕರೆದರೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಹಾಗೇ ಜೊಂಪು ಹತ್ತಿತು. ತಿರುಮಕೂಡಲಿನಲ್ಲಿ ಎರಡು ಹೊಳೆ ಸೇರುವ ಕಡೆ ಮರಳಿನ ಮೇಲೆ ಬೋರ್ಡಿನ ಡಾಕ್ಟರು ಮೇಜು ಹಾಕಿಕೊಂಡು ಕೂತಿದ್ದರು. ನೀರು ಮೇಜಿನ ಕಾಲಿಗೆ ತಾಗುತ್ತಿತ್ತು. "ಊಟ?" ಎಂದರು. ನನ್ನ ಹಿಂದೆ ಯಜಮಾನರು ನಿಂತಿದ್ದಾರೆ ಎಂದು ಗೊತ್ತು, ಅವರ ಬೆವರಿನ ವಾಸನೆ ಬರುತ್ತಿತ್ತು. ಅವರು ಹೂಂಗುಟ್ಟಲಿ ಎಂದು ಕಾದೆ. ನೀರು ಮಾತ್ರ ಸದ್ದು ಮಾಡುತ್ತಿತ್ತು.

ಎಚ್ಚರವಾದಾಗ ಅರ್ಥವಾಯಿತು. ಬೋರ್ಡಿನಲ್ಲಿ ಊಟದ ಬಗ್ಗೆ ನಾನು ಸುಳ್ಳು ಹೇಳಿರಲಿಲ್ಲ. ಡಾಕ್ಟರು ಬರೆದಿದ್ದೂ ಪೂರ್ತಿ ತಪ್ಪಲ್ಲ. ಅವರು ನಾಲ್ಕು ಕೈಗಳನ್ನು ನೋಡಿ ಎರಡು ಕೈಯವಳ ಹೆಸರು ಬರೆದಿದ್ದರು. ಆ ಮೂವತ್ತೈದರಲ್ಲಿ ಯಜಮಾನರೂ ಇದ್ದರು. ಅದು ತಪ್ಪು, ತಿದ್ದಿ ಎಂದು ಮೇಲ್ಮನವಿ ಹಾಕಿದರೆ ಅವರ ಕೈಗಳನ್ನು ನಾನೇ ಲೆಕ್ಕದಿಂದ ತೆಗೆದ ಹಾಗೆ. ಸೌದೆಯ ಮೇಲೆ ಅವರನ್ನು ಮಲಗಿಸಿದಾಗಲೂ ನಾನು ಅಷ್ಟು ಮಾಡಿರಲಿಲ್ಲ.

ಗಡುವು ಹತ್ತಿರ ಬರುತ್ತಿತ್ತು. ನಾನು ಸುಮ್ಮನಿದ್ದೆ.

ಒಂದು ದಿನ ಅತ್ತಿಗೆ ತುತ್ತು ಇಡುತ್ತಿದ್ದಾಗ ಪಕ್ಕದ ಮನೆಯವರು ಬಂದರು. ನಾನು ಅಲ್ಲೇ ಕೂತಿದ್ದರೂ ಅವರು ಅತ್ತಿಗೆಯನ್ನು ಕೇಳಿದರು: "ಎಂಗವ್ಳೆ ನಿಮ್ ನಾದ್ನಿ? ಉಂಡ್ಳಾ?"

ಬಾಯಲ್ಲಿದ್ದದ್ದನ್ನು ನುಂಗಲಾಗಲಿಲ್ಲ. ಬಾಯಿಗೆ ಇಕ್ಕಿದರೆ ರೋಗಿ, ಕೈಗೆ ಹಾಕಿದರೆ ಉಣ್ಣುವವಳು. ಯಜಮಾನರ ಕೈ ಹೋಗಿತ್ತು. ಆ ಮಾತು ಹೋಗಿರಲಿಲ್ಲ.

ಸಂಜೆ ಅಣ್ಣನಿಗೆ ಹೇಳಿದೆ, ಮೇಲ್ಮನವಿ ಹಾಕಬೇಕು ಎಂದು. ಅವನು ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟ.

"ಅಲ್ಲ ಕೂಸೇ, ನಿಂಗೆ ಊನ ಕಮ್ಮಿ ಅಂತ ಬರ್ದವ್ರೆ. ಖುಷಿಪಡೋದ್ ಬುಟ್ಟು, ಜಾಸ್ತಿ ಬರೀರಿ ಅಂತ ಯಾರಾರಾ ಜಗಳಕ್ಕೋಯ್ತಾರಾ? ಇಲ್ಲೇ ಇರು. ಇಲ್ಲಿ ನಿಂಗೇನ್ ಕಮ್ಮಿ?"

"ಕಮ್ಮಿ ಇರೋದು ಕೈಯಣ್ಣ. ಮನೆ ಅಲ್ಲ."

ಅವನು ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ಆಮೇಲೆ ಒಳಗೆ ತಿರುಗಿ ಕೂಗಿದ: "ಲೇ, ನಾಳೆ ಬೇಗ ಎದ್ದೇಳು. ಟಿ. ನರಸೀಪುರದಲ್ಲಿ ಮೈಸೂರ್ ಬಸ್ ಇಡೀಬೇಕು."

ಮೇಲ್ಮನವಿ ಹಾಕಿದೆವು. ಎರಡನೇ ಬೋರ್ಡಿಗೆ ಕರೆ ಬಂದಾಗ ಅತ್ತಿಗೆಗೆ ಹೇಳಿದೆ, ಸೀರೆ ನಾನೇ ಉಡುತ್ತೇನೆ ಎಂದು. ಅರ್ಧ ಬೆಳಗು ಹಿಡಿಯಿತು. ನಿರಿಗೆ ನಿಲ್ಲಲಿಲ್ಲ. ತಲೆ ಬಾಚಲಾಗಲಿಲ್ಲ. ಹಾಗೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸೆರಗಿನಲ್ಲಿ ಮುಖ ಅಡಗಿಸಿಕೊಂಡಿದ್ದೆ.

ಈ ಸಲ ಡಾಕ್ಟರ್ ಹೆಂಗಸು. ಗುಂಡಿ ಹಾಕಿಸಿದರು, ನಾಣ್ಯ ಎತ್ತಲು ಹೇಳಿದರು. ನಾಣ್ಯ ಮೇಜಿನ ಮೇಲೆ ಜಾರಿಕೊಂಡು ಹೋಯಿತು. ಹಳೆಯ ರಿಪೋರ್ಟು ತಿರುವಿದರು.

"ಊಟ ನಿಮ್ಮ ಕೈಯಲ್ಲೇ ಮಾಡ್ತೀರಿ ಅಂತ ಬರೆದಿದೆ?"

"ಕೈಗೆ ಹಾಕಿದ್ರೆ ತಿಂತೀನಿ ಮೇಡಂ."

"ಯಾರು ಹಾಕ್ತಾರೆ?"

ಹಿಂದೆ ತಿರುಗಿ ನೋಡಿದೆ. ಅಣ್ಣ ನಿಂತಿದ್ದ.

"ಹಾಕ್ತಿದ್ದೋರು ತೀರಿಕೊಂಡ್ರು."

ಹೇಳಿಬಿಟ್ಟೆ. ಅಲ್ಲಿಯವರೆಗೆ ಆ ಮಾತನ್ನು ನನ್ನ ಬಾಯಿಂದ ನಾನು ಆಡಿರಲಿಲ್ಲ. ಡಾಕ್ಟರ್ ಹೊಸ ಹಾಳೆ ತೆಗೆದುಕೊಂಡರು. ಬರೆದ ಮೇಲೆ ನನ್ನನ್ನು ಪಕ್ಕದ ಕೋಣೆಯ ಥೆರಪಿಸ್ಟ್ ಹತ್ತಿರ ಕಳಿಸಿದರು. ದಪ್ಪ ಹಿಡಿಯ, ಅಂಗೈಗೆ ಪಟ್ಟಿ ಕಟ್ಟಿಕೊಳ್ಳುವ ಚಮಚ ಇದೆ ಎಂದು ನನಗೆ ಅಲ್ಲಿ ಗೊತ್ತಾಯಿತು.

ಕಾರ್ಡು ಬಂತು. ನಲವತ್ತು ದಾಟಿದೆ.

ಈಗ ನಂಜನಗೂಡಿನಲ್ಲಿದ್ದೇನೆ. ಇದನ್ನು ಫೋನಿಗೆ ಮಾತಾಡಿ ಬರೆಸುತ್ತಿದ್ದೇನೆ. ಪಕ್ಕದ ಮನೆಯಾಕೆ ಬಂದು ಅನ್ನ ಮಾಡಿಟ್ಟು, ಪಿನ್ನು ಹಾಕಿ ಹೋಗುತ್ತಾಳೆ, ಬೇಡ ಎನ್ನುವುದಿಲ್ಲ. ಕಾರ್ಖಾನೆಯಲ್ಲಿ ಬಾಟಲಿಗಳು ಬೆಲ್ಟಿನ ಮೇಲೆ ಬೆಳಕು ಹಿಡಿದುಕೊಂಡು ಒಂದರ ಹಿಂದೆ ಒಂದು ಬರುತ್ತವೆ. ಬಿರುಕು ಕಂಡರೆ ಪೆಡಲ್ ಒತ್ತುತ್ತೇನೆ. ಮುದ್ದೆ ಚಮಚಕ್ಕೆ ಒಗ್ಗುವುದಿಲ್ಲ, ಅದೇನಿದ್ದರೂ ಭಾನುವಾರ ಅಣ್ಣ ಬಂದಾಗ. ಅವನು ದೊಡ್ಡ ದೊಡ್ಡ ತುತ್ತು ಮಾಡಿ ಅಂಗೈಗೆ ಹಾಕುತ್ತಾನೆ. ಬೈದರೂ ಕಲಿಯುವುದಿಲ್ಲ.

ಉಳಿದ ದಿನ ಅನ್ನ. ತಟ್ಟೆಯ ಮುಂದೆ ಕೂತಾಗ ಬಲಗೈ ತಾನಾಗಿಯೇ ಚಾಚಿಕೊಳ್ಳುತ್ತದೆ. ನಾನು ತಡೆಯುವುದಿಲ್ಲ. ಸ್ವಲ್ಪ ಹೊತ್ತು ಹಾಗೇ ಬಿಡುತ್ತೇನೆ. ಆಮೇಲೆ ಅದೇ ಕೈಗೆ ಚಮಚದ ಪಟ್ಟಿಯನ್ನು ಹಲ್ಲಿನಿಂದ ಎಳೆದು ಕಟ್ಟಿಕೊಂಡು ಉಣ್ಣುತ್ತೇನೆ.